ಚಟ್ಟಂಬಡೆ ಯಾವ ಗೇಮ್?

ಮಾಮನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಕಪ್ಪಿಟ್ಟ ಹಿತ್ತಾಳೆ ಟೋಕನ್‌ಗಳು. ಬಾಟಲಿಯ ಅಡಿಯಲ್ಲಿ ನೂರು ಪುಟದ ಗೆರೆ ಪುಸ್ತಕ, ಅದರ ಒಂದು ಮೂಲೆ ಒರಲೆಯ ಪಾಲಾಗಿದೆ. ಬಿಡಿಸಿದರೆ ಹೈಸ್ಕೂಲಿನ ಕಾಲದ ನನ್ನದೇ ದುಂಡು ಅಕ್ಷರ:

"17-4-98, ಶುಕ್ರವಾರ. ಹಳದಿ 41. ಧಣಿ 16 (ಸ್ಟಿಕ್ ಲೂಸು). ಬೊಂಡಾಸ್ 9. ಬಾಕ್ಸರ್ 58. ಮುಸ್ತಫ 133. ಗುಳ್ಳೆ 22. ಚಟ್ಟಂಬಡೆ 7. ಒಟ್ಟು 279."

ಇದು ಮಾಮನ ವಿಡಿಯೊ ಗೇಮ್ ಅಂಗಡಿಯ ಲೆಕ್ಕ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಂದರಿನ ಕಡೆ ಇಳಿಯುವ ಗಲ್ಲಿಯೊಂದರಲ್ಲಿ ಅಂಗಡಿ ಇತ್ತು. ಉದ್ದಕ್ಕೆ ರೈಲಿನ ಡಬ್ಬಿಯಂಥ ಕೋಣೆ, ಕಿಟಕಿ ಇಲ್ಲ, ಎರಡು ಟೇಬಲ್ ಫ್ಯಾನ್, ಆರು ಮಿಷನ್. ಬೇಸಗೆ ರಜೆಯಲ್ಲಿ ನನ್ನನ್ನು ಟೋಕನ್ ಕೊಡುವ ಮೇಜಿಗೆ ಕೂರಿಸುತ್ತಿದ್ದರು. ನನಗೆ ಆಗ 13 ವರ್ಷ. ಟೋಕನ್‌ಗೆ ಎರಡು ರೂಪಾಯಿ. ರಾತ್ರಿ ಬಾಗಿಲು ಎಳೆದ ಮೇಲೆ ಮಾಮ ಒಂದೊಂದೇ ಮಿಷನಿನ ಹೊಟ್ಟೆ ಬಿಚ್ಚಿ ಟೋಕನ್ ಎಣಿಸಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಇವತ್ತಿಗೂ ನನ್ನ ಹೊಟ್ಟೆಪಾಡು ಲೆಕ್ಕ ಬರೆಯುವುದೇ. ಅಭ್ಯಾಸ ಅಲ್ಲಿ ಶುರುವಾದದ್ದು.

ಹೆಸರುಗಳು ಹೀಗೇಕೆ ಎಂದರೆ, ಮಿಷನಿನ ಪೆಟ್ಟಿಗೆಗೂ ಒಳಗಿನ ಆಟಕ್ಕೂ ಸಂಬಂಧವೇ ಇರಲಿಲ್ಲ. ಪೆಟ್ಟಿಗೆ ಹಳತಾದರೂ ಅದೇ, ಒಳಗಿನ ಬೋರ್ಡ್ ಮಾತ್ರ ಬದಲಾಗುತ್ತಿತ್ತು. ಕಾರ್ ರೇಸಿನ ಚಿತ್ರ ಅಂಟಿಸಿದ ಪೆಟ್ಟಿಗೆಯಲ್ಲಿ ಇಬ್ಬರು ಹೊಡೆದಾಡುತ್ತಿದ್ದರು. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರನ್ನು ಯಾರೂ ನಂಬುತ್ತಿರಲಿಲ್ಲ. "ಅಕ್ಕಾ, ಮುಸ್ತಫಕ್ಕೆ ಎರಡು" ಎಂದು ಹುಡುಗರು ಕೈ ಚಾಚಿದರೆ ಅದೇ ಹೆಸರು, ಅದೇ ಪುಸ್ತಕಕ್ಕೆ.

ಪುಸ್ತಕ ಸಿಕ್ಕಿದ ಮೇಲೆ ಈ ಆರೂ ಆಟಗಳ ಅಸಲಿ ಹೆಸರು ಹುಡುಕುತ್ತ ಕೂತೆ. ತಿಂಗಳುಗಟ್ಟಲೆ. ಅಸಲಿ ಹೆಸರುಗಳೂ ಹೆಚ್ಚುಕಡಿಮೆ ನಮ್ಮ ಪುಸ್ತಕದ ಹೆಸರುಗಳ ಹಾಗೆಯೇ ಹುಟ್ಟಿದವು ಅಂತ ಗೊತ್ತಾದಾಗ ಸ್ವಲ್ಪ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಚಟ್ಟಂಬಡೆ ಒಂದು ಮಾತ್ರ ಸಿಗಲಿಲ್ಲ. ಆ ಶಬ್ದ ನನ್ನ ಕೈಬರಹವೂ ಅಲ್ಲ. ಮಾಮ ಕೆಲವೊಮ್ಮೆ ಬೇರೆ ಊರಿನಿಂದ ಒಂದು ಮಿಷನ್ ತಂದು ತಿಂಗಳಿಟ್ಟು ವಾಪಸು ಕೊಡುತ್ತಿದ್ದರು, ಅಂಥದ್ದೇ ಏಳನೆಯದು ಇರಬೇಕು ಅಂದುಕೊಂಡೆ. ಚಟ್ಟಂಬಡೆ ಎಂದರೆ ನಮ್ಮ ಕಡೆಯ ಕಡಲೆಬೇಳೆ ವಡೆ, ಹಾಗಾಗಿ ಉರುಟಾಗಿ ಕಂದು ಬಣ್ಣದ್ದು ಏನಾದರೂ ಇರುವ ಹಳೆಯ ಆಟಗಳನ್ನೆಲ್ಲ ಜಾಲಾಡಿದೆ.

ಮೊದಲು ಹಳದಿ. ಬಾಯಿ ತೆರೆದು ಮುಚ್ಚುತ್ತ ಚುಕ್ಕೆ ತಿನ್ನುವ ಉರುಟು. ಆ ಮಿಷನ್ ಬೊಂಬಾಯಿಯಿಂದ ಸೆಕೆಂಡ್‌ಹ್ಯಾಂಡ್ ಬಂದದ್ದು, ಅದೊಂದಕ್ಕೆ ಮಾತ್ರ ಪೆಟ್ಟಿಗೆ ಮತ್ತು ಆಟ ಎರಡೂ ಹೊಂದುತ್ತಿದ್ದವು. ತಲೆಯ ಮೇಲಿನ ಪ್ಲಾಸ್ಟಿಕ್ ಹಲಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪಕ್ ಮ್ಯಾನ್' ಎಂದಿತ್ತು. ಶಾಲೆಯಲ್ಲಿ ಒಬ್ಬಳು ಅದು 'ಪ್ಯಾಕ್ ಮ್ಯಾನ್', ನಿಮ್ಮದು ಡೂಪ್ಲಿಕೇಟು ಎಂದು ನನ್ನ ಮರ್ಯಾದೆ ತೆಗೆದಿದ್ದಳು. ನಾನು ಮಾಮನಿಗೆ ಹೇಳಿದೆ. ಮಾಮ "ಅವಳ ಅಪ್ಪನದ್ದು ಇರ್ಬೇಕು ಡೂಪ್ಲಿಕೇಟು" ಎಂದು ಚಾ ಕುಡಿಯಲು ಹೋದರು.

ಅವಳಿಗೆ ಈಗ ಹೇಳಬೇಕು. 1980ರ ಮೇ 22ರಂದು ಜಪಾನಿನಲ್ಲಿ ನಾಮ್ಕೊ ಕಂಪನಿ ಈ ಆಟವನ್ನು ಮೊದಲ ಸಲ ಜನರ ಮುಂದಿಟ್ಟಾಗ ಹೆಸರು ಪಕ್ ಮ್ಯಾನ್ ಎಂದೇ ಇತ್ತು. ಮಾಡಿದವರು ತೋರು ಇವಾತಾನಿ, ಆಗ ಅವರಿಗೆ 25 ವರ್ಷ. ಜಪಾನೀ ಭಾಷೆಯಲ್ಲಿ ಬಾಯಿ ತೆರೆದು ಮುಚ್ಚಿ ತಿನ್ನುವ ಸದ್ದಿಗೆ 'ಪಕು ಪಕು' ಅನ್ನುತ್ತಾರೆ. ನಮ್ಮಲ್ಲಿ ಗಬಗಬ ಇದ್ದ ಹಾಗೆ. ಇಲ್ಲಿ ಯಾರಾದರೂ ಮಾಡಿದ್ದರೆ 'ಗಬ್ಬಣ್ಣ' ಎಂದಾಗುತ್ತಿತ್ತೋ ಏನೋ. ಇವಾತಾನಿ ಹೇಳಿಕೊಂಡ ಇನ್ನೊಂದು ಮಾತು ನನಗೆ ಇಷ್ಟ: ಗೇಮ್ ಅಂಗಡಿಗಳಲ್ಲಿ ಬರೀ ಗಂಡುಹುಡುಗರು ತುಂಬಿಕೊಂಡಿದ್ದಾರೆ, ಹೆಂಗಸರು ಬರುವಂಥದ್ದು ಮಾಡಬೇಕು ಎಂದು ಯೋಚಿಸಿ, ಗುಂಡು ಹಾರಿಸುವುದನ್ನು ಬಿಟ್ಟು ತಿನ್ನುವುದನ್ನು ಆರಿಸಿದ್ದಂತೆ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಇದ್ದ ಒಬ್ಬಳೇ ಹುಡುಗಿ ನಾನು. ಅಂಗಡಿ ತೆರೆಯುವ ಮೊದಲು, ಬೆಳಗ್ಗೆ ಕಸ ಗುಡಿಸಿ ಆದ ಮೇಲೆ, ಆಡುತ್ತಿದ್ದದ್ದೂ ಅದನ್ನೇ.

ಹೆಸರು ಬದಲಾದದ್ದು ಅಮೆರಿಕದಲ್ಲಿ. ಅಲ್ಲಿ ಮಾರುವ ಹಕ್ಕು ತೆಗೆದುಕೊಂಡ ಮಿಡ್‌ವೇ ಕಂಪನಿಯವರಿಗೆ ಒಂದು ಹೆದರಿಕೆ ಬಂತು: ಪೋಲಿ ಹುಡುಗರು ಮೊದಲ ಅಕ್ಷರ 'ಪಿ'ಯ ಹೊಟ್ಟೆಯನ್ನು ಸ್ವಲ್ಪ ಕೆರೆದರೆ ಸಾಕು, ಅದು 'ಎಫ್' ಆಗುತ್ತದೆ, ಆಮೇಲೆ ಆ ಹಲಗೆಯನ್ನು ಮರ್ಯಾದಸ್ಥರು ಓದುವ ಹಾಗಿಲ್ಲ. ಅದಕ್ಕೆ ಪ್ಯಾಕ್ ಮ್ಯಾನ್.

ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ಒಬ್ಬಳೇ ನಕ್ಕೆ. ಯಾಕೆಂದರೆ ಅಮೆರಿಕದವರು ಹೆದರಿದ್ದು ಮಂಗಳೂರಿನಲ್ಲಿ ಆಗಿಹೋಗಿತ್ತು. 98ರ ಮೇ ತಿಂಗಳಲ್ಲಿ ಯಾರೋ ಒಬ್ಬ ಬ್ಲೇಡಿನಿಂದ 'ಪಿ'ಯ ಹೊಟ್ಟೆ ಕೆರೆದ. ಮಾಮನಿಗೆ ಎರಡು ದಿನ ಗೊತ್ತೇ ಆಗಲಿಲ್ಲ. ಮೂರನೇ ದಿನ ಎದುರಿನ ಔಷಧಿ ಅಂಗಡಿಯವರು ಕರೆದು ಕಿವಿಯಲ್ಲಿ ಹೇಳಿದರು. ಮಾಮ ಮುಖ ಕೆಂಪು ಮಾಡಿಕೊಂಡು ಬಂದು, ಸ್ಟೂಲ್ ಹತ್ತಿ, ಕರೆಂಟಿನ ಕಪ್ಪು ಟೇಪನ್ನು ಆ ಅಕ್ಷರದ ಮೇಲೆ ಮೂರು ಸುತ್ತು ಅಂಟಿಸಿದರು. ಉಳಿದದ್ದು 'ಅಕ್ ಮ್ಯಾನ್'. ಟೋಕನ್ ಕೊಡುವ ನನ್ನನ್ನು 'ಅಕ್ಕ' ಎಂದು ಕರೆಯುವ ಹುಡುಗರಿಗೆ ಅಷ್ಟು ಸಾಕಾಯಿತು. ಪುಸ್ತಕದಲ್ಲಿ ಮೇ 20ರ ನಂತರ 'ಹಳದಿ' ಇಲ್ಲ, ಎಲ್ಲ ಕಡೆ 'ಅಕ್ಕಮ್ಯಾನ್'. ನಾನೇ ಬರೆದದ್ದು. ಸಿಟ್ಟು ಬಂದಿರಲಿಲ್ಲ ಎಂದು ಕಾಣುತ್ತದೆ.

ಹೆಣ್ಣು ಹೆಸರಿನ ಪ್ಯಾಕ್ ಮ್ಯಾನ್ ನಿಜವಾಗಿಯೂ ಒಂದಿತ್ತು, ಅದರ ಕಥೆ ಇದಕ್ಕಿಂತ ಗೊಂದಲದ್ದು. ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಸಣ್ಣ ಕಂಪನಿ ಪ್ಯಾಕ್ ಮ್ಯಾನ್ ಮಿಷನಿಗೆ ಸಿಕ್ಕಿಸುವ ಒಂದು ಬದಲಿ ಬೋರ್ಡ್ ತಯಾರಿಸಿತ್ತು. ಅದರಲ್ಲಿ ಉರುಟಿಗೆ ಕಾಲು ಬಂದಿತ್ತು, ಹೆಸರು 'ಕ್ರೇಜಿ ಆಟೊ'. ಮಿಡ್‌ವೇ ಅದನ್ನು ಕೊಂಡು, ಕಾಲು ತೆಗೆದು, ತಲೆಗೆ ರಿಬ್ಬನ್ ಕಟ್ಟಿ ಹೆಂಗಸು ಮಾಡಿತು. ಪ್ಯಾಕ್ ವುಮನ್ ಎಂದಿತು, ಮಿಸ್ ಎಂದಿತು. ಆದರೆ ಆಟದ ನಡುವೆ ಬರುವ ಚಿತ್ರಗಳಲ್ಲಿ ಅವಳಿಗೆ ಮಗು ಬೇರೆ ಇದೆ, ಮಿಸ್ ಆದರೆ ಹೇಗೆ? ಮಿಸೆಸ್ ಎಂದಿತು. ಕೊನೆಗೆ ಮದುವೆಯ ಸುದ್ದಿ ಎತ್ತದ 'ಮಿಜ್' ಎಂದು ಇಟ್ಟು 1982ರ ಹೊತ್ತಿಗೆ ಅಂಗಡಿಗಳಿಗೆ ಬಿಟ್ಟಿತು. ಬಂದರಿನ ಗಲ್ಲಿಯಲ್ಲಿ 'ಅಕ್ಕ' ಎಂಬ ಎರಡಕ್ಷರಕ್ಕೆ ಮುಗಿದ ಕೆಲಸ.

ಈಗ ಹಳದಿಯನ್ನು ಅಟ್ಟಿಸಿಕೊಂಡು ಬರುವ ನಾಲ್ವರು. ಅಮೆರಿಕದಲ್ಲಿ ಜನ ಇವರನ್ನು ಗೋಸ್ಟ್ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಭೂತ ಎನ್ನುವ ಹಾಗಿರಲಿಲ್ಲ. ಒಮ್ಮೆ ಒಬ್ಬ ಹುಡುಗ ಕೆಂಪಿಗೆ ಗುಳಿಗ ಎಂದುಬಿಟ್ಟ. ಮಾಮ ಮೇಜಿನಿಂದ ಎದ್ದು ಬಂದು ಅವನ ಭುಜ ಹಿಡಿದು, "ದೈವದ ಹೆಸರು ತೆಗಿಬೇಡ. ಬೇಕಾದ್ರೆ ನನ್ನ ಹೆಸರಿಡು" ಎಂದರು. ತಮಾಷೆಗಲ್ಲ. ಅವತ್ತು ಸಂಜೆ ಅಗರಬತ್ತಿ ಒಂದು ಹೆಚ್ಚು ಹಚ್ಚಿದ್ದರು. ಆಮೇಲೆ ಅವು ನಮಗೆ ಬರೀ 'ಬಣ್ಣದವು'.

ಆದರೆ ಯಾರೂ ಆಡದೆ ಇದ್ದಾಗ ಪರದೆಯ ಮೇಲೆ ಆ ನಾಲ್ಕರ ಹೆಸರು ಸಾಲಾಗಿ ಬರುತ್ತಿತ್ತು. ಒಂದು ಸಾಲಿನಲ್ಲಿ ಗುಣ, ಪಕ್ಕದಲ್ಲಿ ಅಡ್ಡಹೆಸರು. ಪ್ಯಾಕ್ ಮ್ಯಾನಿನಲ್ಲಿ ಅದು ಬ್ಲಿಂಕಿ, ಪಿಂಕಿ, ಇಂಕಿ, ಕ್ಲೈಡ್. ಮೂರಕ್ಕೆ ಪ್ರಾಸ ಹೊಂದಿಸಿ ನಾಲ್ಕನೆಯವನಿಗೆ ಬರುವಾಗ ಕೈಬಿಟ್ಟಿದ್ದಾರೆ. ನಮ್ಮದು ಪಕ್ ಮ್ಯಾನ್ ಆದ್ದರಿಂದ ಜಪಾನೀ ಹೆಸರುಗಳೇ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದ್ದವು. ಪುಸ್ತಕದ ಹಿಂದಿನ ರಟ್ಟಿನ ಒಳಬದಿಯಲ್ಲಿ ನಾನು ಬರೆದಿಟ್ಟದ್ದು ಇನ್ನೂ ಇದೆ: "ಓಯ್‌ಕಾಕೆ, ಮಚ್ಚಿಬುಸ್ಸೆ, ಕಿಮಗುರೆ, ಒಟೊಬೊಕ್ಕೆ."

ಓಯ್‌ಕಾಕೆ ನಮಗೆ ಬಹಳ ಸುಲಭವಾಗಿ ಅರ್ಥವಾಗಿತ್ತು. ತುಳುವಿನಲ್ಲಿ ಕಾಗೆಗೆ ಕಕ್ಕೆ. ಓಯ್ ಕಕ್ಕೆ! ಕೆಂಪು ಬಣ್ಣದ್ದು ಬೆನ್ನು ಬಿದ್ದ ಕೂಡಲೇ ಹುಡುಗರು ಕಾಗೆ ಓಡಿಸುವ ಹಾಗೆ "ಓಯ್ ಕಕ್ಕೆ, ಓಯ್ ಕಕ್ಕೆ" ಎಂದು ಕೂಗುತ್ತಿದ್ದರು. ಜಪಾನಿನಲ್ಲಿ ಆ ಶಬ್ದಕ್ಕೆ 'ಅಟ್ಟಿಸಿಕೊಂಡು ಬರುವುದು' ಎಂದು ಅರ್ಥ. ಮಚಿಬುಸೆ ಎಂದರೆ ಹೊಂಚು ಹಾಕುವುದು. ಕಿಮಗುರೆ ಎಂದರೆ ಗಳಿಗೆಗೊಂದು ಬುದ್ಧಿ. ಒಟೊಬೊಕೆ ಎಂದರೆ ಏನೂ ಗೊತ್ತಿಲ್ಲದವನ ಹಾಗೆ ನಟಿಸುವುದು. ಹೆಸರು ಸುಮ್ಮನೆ ಇಟ್ಟದ್ದಲ್ಲ, ಪ್ರೋಗ್ರಾಮಿನಲ್ಲಿ ಅವು ನಡೆದುಕೊಳ್ಳುವುದೂ ಹಾಗೆಯೇ. ಕೆಂಪು, ಹಳದಿ ಇರುವ ಚೌಕಕ್ಕೇ ನೇರ ಗುರಿ ಇಡುತ್ತದೆ. ಗುಲಾಬಿ, ಹಳದಿಯ ಮುಖ ಯಾವ ಕಡೆ ಇದೆಯೋ ಆ ಕಡೆ ನಾಲ್ಕು ಚೌಕ ಮುಂದಕ್ಕೆ ಗುರಿ ಇಡುತ್ತದೆ. ಅಂದರೆ ಅಡ್ಡ ಬಂದು ನಿಲ್ಲುತ್ತದೆ. ನೀಲಿಯ ಲೆಕ್ಕ ಸ್ವಲ್ಪ ವಕ್ರ: ಹಳದಿಯ ಮುಂದಿನ ಎರಡನೇ ಚೌಕಕ್ಕೆ ಕೆಂಪಿನಿಂದ ಒಂದು ಗೆರೆ ಎಳೆದು, ಆ ಗೆರೆಯನ್ನು ಅಷ್ಟೇ ಉದ್ದ ಮುಂದುವರಿಸಿದರೆ ಎಲ್ಲಿ ಮುಟ್ಟುತ್ತದೋ ಅದು ಅವನ ಗುರಿ. ಕೆಂಪು ಎಲ್ಲಿದೆ ಎಂದು ನೋಡದೆ ನೀಲಿ ಏನು ಮಾಡುತ್ತದೆಂದು ಹೇಳಲಿಕ್ಕಾಗುವುದಿಲ್ಲ, ಅದಕ್ಕೇ ಗಳಿಗೆಗೊಂದು ಬುದ್ಧಿಯವನ ಹಾಗೆ ಕಾಣುವುದು. ಕಿತ್ತಳೆ ಎಂಟು ಚೌಕಕ್ಕಿಂತ ದೂರ ಇದ್ದರೆ ಕೆಂಪಿನ ಹಾಗೆಯೇ ಬೆನ್ನಟ್ಟುತ್ತದೆ, ಹತ್ತಿರ ಬಂದ ಕೂಡಲೇ ಏನೋ ನೆನಪಾದವನ ಹಾಗೆ ತಿರುಗಿ ಎಡಗಡೆಯ ಕೆಳಮೂಲೆಗೆ ಹೊರಡುತ್ತದೆ. ಸಾಲ ಕೊಟ್ಟವನನ್ನು ದೂರದಿಂದ ಕಂಡು ಕೈ ಬೀಸಿ, ಹತ್ತಿರ ಬಂದಾಗ ಓಣಿ ಹಿಡಿಯುವವರ ಹಾಗೆ.

ಇದು ಯಾವುದೂ ಗೊತ್ತಿಲ್ಲದೆ ನಮ್ಮ ಹುಡುಗರು ಗುಲಾಬಿಗೆ ಇಟ್ಟ ಹೆಸರು 'ಅಡ್ಡೆ'. ಕಿತ್ತಳೆಗೆ 'ಮಂಗ ಮಾಡುವವ'. ಟೋಕಿಯೊದಲ್ಲಿ ಪ್ರೋಗ್ರಾಮ್ ಬರೆದವರ ಹಾಳೆಯಲ್ಲಿ ಇದ್ದದ್ದು, ದಿನಕ್ಕೆ ನಾಲ್ಕು ಟೋಕನ್ ಕಳೆದುಕೊಂಡವನಿಗೆ ಬೆರಳಿನಿಂದಲೇ ತಿಳಿದಿತ್ತು. ಗುಲಾಬಿಯನ್ನು ತಪ್ಪಿಸಲು ಸೀದಾ ಅದರ ಮುಖಕ್ಕೇ ನುಗ್ಗಬೇಕು, ಆಗ ಅದೇ ಪಕ್ಕಕ್ಕೆ ಸರಿಯುತ್ತದೆ ಎಂದು ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ ಐಸ್ ಹೊರುವ ಹುಡುಗನೊಬ್ಬ ನನಗೆ ತೋರಿಸಿಕೊಟ್ಟಿದ್ದ. ಲೆಕ್ಕ ನೋಡಿದರೆ ಸರಿಯೇ: ಅದರ ಗುರಿ ನಾಲ್ಕು ಚೌಕ ಮುಂದೆ, ಅಂದರೆ ಅದರದೇ ಬೆನ್ನ ಹಿಂದೆ ಬೀಳುತ್ತದೆ. ಆ ಗುಲಾಬಿಯ ಲೆಕ್ಕದಲ್ಲಿ ಒಂದು ತಪ್ಪೂ ಉಳಿದುಕೊಂಡಿದೆ. ಹಳದಿ ಮೇಲ್ಮುಖವಾಗಿ ಹೋಗುವಾಗ ಗುರಿ ನಾಲ್ಕು ಚೌಕ ಮೇಲೆ ಮಾತ್ರವಲ್ಲ, ನಾಲ್ಕು ಚೌಕ ಎಡಕ್ಕೂ ಜಾರುತ್ತದೆ. ಲಕ್ಷಗಟ್ಟಲೆ ಜನ ಆಡಿದ ಆಟದಲ್ಲಿ ಒಂದು ಎಂಟ್ರಿ ತಪ್ಪು. ಲೆಕ್ಕ ಬರೆಯುವವಳಿಗೆ ಇದರಿಂದ ಆಗುವ ಸಮಾಧಾನ ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ.

ಅಡ್ಡಹೆಸರುಗಳು ಅದಕ್ಕಿಂತ ಚಂದ. ಕೆಂಪಿಗೆ ಅಕಾಬೆ, ನೀಲಿಗೆ ಆವೊಸುಕೆ, ಕಿತ್ತಳೆಗೆ ಗುಜುತ, ಗುಲಾಬಿಗೆ ಅಲ್ಲೂ ಪಿಂಕಿ. 'ಅಕಾ' ಎಂದರೆ ಕೆಂಪು, 'ಆವೊ' ಎಂದರೆ ನೀಲಿ, 'ಗುಜು' ಎಂದರೆ ನಿಧಾನದವ. ಅವಕ್ಕೆ ಹಳೆಯ ಕಾಲದ ಗಂಡಸರ ಹೆಸರಿನ ಬಾಲ ಹಚ್ಚಿದ್ದಾರೆ. ಅಂದರೆ ಕೆಂಪಣ್ಣ, ನೀಲಪ್ಪ, ನಿಧಾನಪ್ಪ. ಗುಜುತನನ್ನು ನಾವು 'ಗುಜರಿ' ಮಾಡಿಕೊಂಡಿದ್ದೆವು.

ಧಣಿಯ ಕಥೆಗೆ ಬರುತ್ತೇನೆ. ಪರದೆಯ ಮೇಲೆ ಹೆಸರು 'ಕ್ರೇಜಿ ಕಾಂಗ್' ಎಂದಿತ್ತು. ಅಟ್ಟಳಿಗೆಯ ತುದಿಯಲ್ಲಿ ಒಂದು ಗೊರಿಲ್ಲ ನಿಂತು ಪೀಪಾಯಿ ಉರುಳಿಸುತ್ತದೆ, ಕೆಳಗಿನಿಂದ ಮೀಸೆಯವನೊಬ್ಬ ಏಣಿ ಹತ್ತುತ್ತ ಪೀಪಾಯಿ ಹಾರುತ್ತ ಹೋಗಬೇಕು. ಅಂಗಡಿಯ ಕಟ್ಟಡದ ಧಣಿಗಳು ಪ್ರತಿ ತಿಂಗಳು 5ನೇ ತಾರೀಕಿಗೆ ಬಾಡಿಗೆಗೆ ಬರುತ್ತಿದ್ದರು. ದೊಡ್ಡ ದೇಹ, ಮೇಲಿನ ಮೆಟ್ಟಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ಕೂಗುವುದು. ಒಮ್ಮೆ ಅವರು ಹಾಗೆ ನಿಂತಿರುವಾಗ ಹಿಂದಿನಿಂದ ಒಬ್ಬ ಹುಡುಗ ಪರದೆಯ ಗೊರಿಲ್ಲವನ್ನು ನೋಡಿ "ಧಣಿ ಬಂದ್ರು" ಎಂದ. ಮಾಮ ನಗು ತಡೆಯಲು ಕೆಮ್ಮಿದರು. ಅವತ್ತಿನಿಂದ ಪುಸ್ತಕದಲ್ಲಿ 'ಧಣಿ'.

ಕ್ರೇಜಿ ಕಾಂಗ್ ಎಂದರೆ ನಿಂಟೆಂಡೊ ಕಂಪನಿಯ 1981ರ 'ಡಾಂಕಿ ಕಾಂಗ್'. ಜಪಾನಿನ ಒಳಗೆ ಮಾತ್ರ ಮಾರಲು ಫಾಲ್ಕನ್ ಎಂಬ ಕಂಪನಿಗೆ ಅನುಮತಿ ಕೊಟ್ಟು ಮಾಡಿಸಿದ್ದು, ಅದು ಗಡಿ ದಾಟಿ ಲೋಕವೆಲ್ಲ ತಿರುಗಿತು. ಇನ್ನು ಆ ಮೀಸೆಯವ. ಆಟ ಮಾಡಿದ ಶಿಗೆರು ಮಿಯಾಮೊಟೊ ಅವನನ್ನು 'ಒಸ್ಸಾನ್' ಎನ್ನುತ್ತಿದ್ದರಂತೆ. ನಡುವಯಸ್ಸಿನ ಗಂಡಸನ್ನು ಅಲ್ಲಿ ಹಾಗೆ ಕರೆಯುವುದು, ನಾವು ಯಾರನ್ನೋ 'ಅಂಕಲ್' ಅನ್ನುವ ಹಾಗೆ. ಮುಂದಿನ ಎಲ್ಲ ಆಟಗಳಲ್ಲೂ ಅವನನ್ನೇ ಬಳಸುವ ಆಲೋಚನೆಯಿಂದ 'ಮಿಸ್ಟರ್ ವಿಡಿಯೊ' ಎಂದೂ ಇಡಲು ಹೊರಟಿದ್ದರು. ಅಮೆರಿಕಕ್ಕೆ ಬಂದಾಗ 'ಜಂಪ್‌ಮ್ಯಾನ್' ಆದ. ಹಾರುತ್ತಾನೆ, ಹಾಗಾಗಿ ಜಂಪ್‌ಮ್ಯಾನ್. ನಾನು ಪುಸ್ತಕದಲ್ಲಿ ಹೆಸರಿಡುತ್ತಿದ್ದದ್ದೂ ಇದೇ ಬುದ್ಧಿಯಲ್ಲಿ. ಮೀಸೆಯೂ ಹಾಗೆಯೇ ಬಂದದ್ದು: ಅಷ್ಟು ಕಡಿಮೆ ಚುಕ್ಕೆಗಳಲ್ಲಿ ಮೂಗು ಮತ್ತು ಬಾಯಿ ಬೇರೆಬೇರೆ ಕಾಣಿಸುವುದಿಲ್ಲ, ನಡುವೆ ಮೀಸೆ ಇಟ್ಟರೆ ಕಾಣುತ್ತದೆ. ಕೂದಲು ಬಿಡಿಸುವುದು ಕಷ್ಟ, ಅದಕ್ಕೆ ಟೊಪ್ಪಿ.

ಮಾರಿಯೊ ಎಂಬ ಹೆಸರು ಬಂದದ್ದು ವಾಷಿಂಗ್ಟನ್ ರಾಜ್ಯದ ಟಕ್ವಿಲದ ಒಂದು ಗೋದಾಮಿನಲ್ಲಿ. ನಿಂಟೆಂಡೊದವರು 'ರೇಡಾರ್ ಸ್ಕೋಪ್' ಎಂಬ ಆಟದ 3000 ಮಿಷನ್ ಅಮೆರಿಕಕ್ಕೆ ತರಿಸಿದ್ದರು, ಅದರಲ್ಲಿ ಸುಮಾರು 2000 ಮಾರಾಟವಾಗದೆ ಬಿದ್ದಿದ್ದವು. ಆ ಪೆಟ್ಟಿಗೆಗಳ ಒಳಗಿನದ್ದನ್ನು ಬದಲಾಯಿಸಿ ತುಂಬಿದ್ದೇ ಡಾಂಕಿ ಕಾಂಗ್. (ಪೆಟ್ಟಿಗೆ ಒಂದು, ಒಳಗಿನ ಆಟ ಇನ್ನೊಂದು. ಮಾಮನನ್ನು ಮಾತ್ರ ಯಾಕೆ ಬಯ್ಯಬೇಕು?) ಗೋದಾಮು ಬಾಡಿಗೆಯದ್ದು, ಧಣಿಯ ಹೆಸರು ಮಾರಿಯೊ ಸೆಗಾಲಿ. ಬಾಡಿಗೆ ತಡವಾಯಿತೆಂದು ಆತ ಬಂದು ಕೂಗಾಡಿದ, ಹೋದ ಮೇಲೆ ಕೆಲಸದವರೆಲ್ಲ ಸೇರಿ ಜಂಪ್‌ಮ್ಯಾನಿಗೆ ಆ ಹೆಸರಿಟ್ಟರು ಎಂಬ ಕಥೆ ಚಾಲ್ತಿಯಲ್ಲಿದೆ. ಜಗಳದ ಭಾಗಕ್ಕೆ ಒಬ್ಬೊಬ್ಬರು ಒಂದೊಂದು ಉಪ್ಪುಖಾರ ಹಚ್ಚುತ್ತಾರೆ, ಧಣಿಯ ಹೆಸರನ್ನೇ ಇಟ್ಟದ್ದು ಮಾತ್ರ ನಿಜ. 1982ರ 'ಡಾಂಕಿ ಕಾಂಗ್ ಜೂನಿಯರ್' ಆಟದಲ್ಲಿ ಆ ಹೆಸರು ಕಾಣಿಸಿಕೊಂಡಿತು. ಸೆಗಾಲಿ ಪ್ರಚಾರದಿಂದ ದೂರ ಉಳಿದ ಮನುಷ್ಯ. ರಾಯಲ್ಟಿಯ ಚೆಕ್ಕಿಗೆ ಇನ್ನೂ ಕಾಯುತ್ತಿದ್ದೇನೆ ಎಂದು 1993ರಲ್ಲಿ ಪತ್ರಿಕೆಯೊಂದಕ್ಕೆ ತಮಾಷೆ ಮಾಡಿದ್ದರು. 2018ರಲ್ಲಿ ತೀರಿಕೊಂಡರು. ಗೊರಿಲ್ಲ ಹಿಡಿದಿಟ್ಟ ಹೆಂಗಸಿಗೂ ಮೊದಲು ಬರೀ 'ಲೇಡಿ' ಎಂದಿತ್ತು. ಗೋದಾಮು ನೋಡಿಕೊಳ್ಳುತ್ತಿದ್ದ ಡಾನ್ ಜೇಮ್ಸ್ ಅವರ ಹೆಂಡತಿ ಪಾಲಿಯ ಹೆಸರಿನಿಂದ 'ಪಾಲೀನ್' ಆಯಿತು.

ಅಲ್ಲಿ ಬಾಡಿಗೆ ಕೇಳಲು ಬಂದ ಧಣಿ ನಾಯಕನಾದ. ನಮ್ಮಲ್ಲಿ ಗೊರಿಲ್ಲನಾದರು. ಬಾಡಿಗೆ ಎಷ್ಟು ಬಾಕಿ ಇತ್ತು ಎಂಬುದರ ಮೇಲೆ ಹೋಗುತ್ತದೆ ಅಂತ ಕಾಣುತ್ತದೆ.

ಗೊರಿಲ್ಲದ ಹೆಸರು ಕೋರ್ಟಿಗೂ ಹೋಯಿತು. ಡಾಂಕಿ ಎಂದರೆ ಹಠಮಾರಿ ಎಂಬ ಭಾವ ಬರಲಿ, ಕಾಂಗ್ ಎಂದರೆ ಗೊರಿಲ್ಲ ಎಂದು ಗೊತ್ತಾಗಲಿ, ಇಷ್ಟೇ ಮಿಯಾಮೊಟೊ ಯೋಚನೆ. ಯೂನಿವರ್ಸಲ್ ಸಿನಿಮಾ ಕಂಪನಿ ಕಿಂಗ್ ಕಾಂಗ್ ತನ್ನದೆಂದು 1982ರಲ್ಲಿ ದಾವೆ ಹೂಡಿತು. ನಿಂಟೆಂಡೊ ಪರ ವಕೀಲ ಜಾನ್ ಕರ್ಬಿ ಎತ್ತಿ ತೋರಿಸಿದ್ದು, ಹಿಂದೆ ಬೇರೊಂದು ಕೇಸಿನಲ್ಲಿ ಇದೇ ಯೂನಿವರ್ಸಲ್ ಕಿಂಗ್ ಕಾಂಗ್ ಕಥೆ ಯಾರ ಸ್ವತ್ತೂ ಅಲ್ಲ ಎಂದು ವಾದಿಸಿತ್ತು ಎಂಬುದನ್ನು. ಕೇಸು ಬಿದ್ದುಹೋಯಿತು. ಗೆದ್ದ ಖುಷಿಗೆ ನಿಂಟೆಂಡೊ ವಕೀಲರಿಗೆ ಒಂದು ಹಾಯಿದೋಣಿ ಕೊಟ್ಟಿತು, ದೋಣಿಯ ಹೆಸರು ಡಾಂಕಿ ಕಾಂಗ್. ನಮ್ಮ ಧಕ್ಕೆಯಲ್ಲಿ ದೇವರ ಹೆಸರಿನ ಬೋಟುಗಳ ಸಾಲಿನಲ್ಲಿ ಅದು ಕಟ್ಟಿದ್ದರೆ ಹೇಗಿರುತ್ತಿತ್ತು ಎಂದು ಒಮ್ಮೆ ಯೋಚಿಸಿದೆ. 1992ರಲ್ಲಿ ಬಂದ ಒಂದು ಗುಂಡು ಗುಲಾಬಿ ಪಾತ್ರಕ್ಕೆ ಕರ್ಬಿ ಎಂದು ಹೆಸರಿಡುವಾಗಲೂ ಈ ವಕೀಲರ ನೆನಪಿತ್ತು.

ಬೊಂಡಾಸ್ ಎಂದರೆ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ ಮಾಡಿದ 1978ರ 'ಸ್ಪೇಸ್ ಇನ್ವೇಡರ್ಸ್' ಆಟದ ಯಾವುದೋ ನಕಲು. ಶತ್ರುಗಳಿಗೆ ಹೆಸರೇ ಇಲ್ಲ. ಆದರೆ ಧಕ್ಕೆಯ ಹುಡುಗರು ನೋಡಿದ ಕೂಡಲೇ, ಮೇಲಿನ ಸಾಲು ಬೊಂಡಾಸ್ (ಸ್ಕ್ವಿಡ್), ನಡುವಿನದು ಏಡಿ ಎಂದಿದ್ದರು. ನಿಶಿಕಾದೊ ಬಿಡಿಸಿದ್ದೂ ಅದನ್ನೇ: ಬೊಂಡಾಸ್, ಏಡಿ, ಆಕ್ಟೋಪಸ್. ಮೇಲಿನದಕ್ಕೆ 30, ನಡುವಿನದಕ್ಕೆ 20, ಕೆಳಗಿನದಕ್ಕೆ 10 ಅಂಕ. ಬೊಂಡಾಸಿಗೆ ಏಡಿಗಿಂತ ಹೆಚ್ಚು ರೇಟು ಎಂಬುದನ್ನು ಮಾತ್ರ ಅವರು ಒಪ್ಪಲಿಲ್ಲ. 'ಗುಳ್ಳೆ' 1986ರ ಬಬಲ್ ಬಾಬಲ್, ಹೆಚ್ಚು ಹೇಳುವುದಿಲ್ಲ.

ಬಾಕ್ಸರ್, ಅಂದರೆ 1991ರ 'ಸ್ಟ್ರೀಟ್ ಫೈಟರ್ 2'. ಕೊನೆಗೆ ಬರುವ ಖಳರಲ್ಲಿ ಮೂವರನ್ನು ಹುಡುಗರು ಬಾಕ್ಸರ್, ಉಗುರು, ಟೊಪ್ಪಿ ಎನ್ನುತ್ತಿದ್ದರು. ಜಪಾನಿನಲ್ಲಿ ಬಾಕ್ಸರನ ಹೆಸರು ಎಂ. ಬೈಸನ್, ಉಗುರಿನವ ಬಾಲ್‌ರಾಗ್, ಟೊಪ್ಪಿಯವ ವೇಗ. ನೋಡಲು ಮೈಕ್ ಟೈಸನ್ ಹಾಗಿರುವ ಬಾಕ್ಸರನಿಗೆ ಮೈಕ್ ಬೈಸನ್ ಎಂಬ ಹೆಸರಿಟ್ಟು ಅಮೆರಿಕಕ್ಕೆ ಕಳಿಸಿದರೆ ಕೇಸು ಬೀಳುತ್ತದೆಂದು ಕ್ಯಾಪ್ಕಾಂ ಕಂಪನಿ ಮೂರೂ ಹೆಸರುಗಳನ್ನು ಒಂದೊಂದು ಕುರ್ಚಿ ಸರಿಸಿ ಕೂರಿಸಿತು. ಹೊರದೇಶದಲ್ಲಿ ಬಾಕ್ಸರ್ ಬಾಲ್‌ರಾಗ್, ಉಗುರು ವೇಗ, ಟೊಪ್ಪಿ ಬೈಸನ್. ಫಲವಾಗಿ ಇವತ್ತಿಗೂ ಬೇರೆಬೇರೆ ದೇಶದ ಆಟಗಾರರು ಸೇರಿದಾಗ ಯಾರ ವೇಗ, ಯಾವ ಬೈಸನ್ ಎಂದು ಗೊಂದಲ. ಅದಕ್ಕೆ ಅವರು ಮಾಡಿಕೊಂಡ ಉಪಾಯ, ಬಾಕ್ಸರ್, ಕ್ಲಾ, ಡಿಕ್ಟೇಟರ್ ಎಂದೇ ಕರೆಯುವುದು. ಬಾಕ್ಸರ್, ಉಗುರು, ಟೊಪ್ಪಿ! ಕೈಕಾಲು ಉದ್ದ ಮಾಡುವ ಭಾರತದ ಧಾಲ್ಸಿಮ್ ನಮಗೆ 'ಯೋಗ'. ಅವನನ್ನು ಆರಿಸಿದವನು ಸೋಲುವುದೇ ಹೆಚ್ಚು, ಆದರೂ ಆಗಸ್ಟ್ 15ರಂದು ಎಲ್ಲರಿಗೂ ಅವನೇ ಬೇಕು.

ಒಂದೇ ಮುಖಕ್ಕೆ ಮೂರು ಹೆಸರು ಎಂದರೆ ನಮ್ಮೂರಿನವರಿಗೆ ಏನೂ ಅನಿಸುವುದಿಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ ಇಳಿದವನು ಕುಡ್ಲಕ್ಕೆ ಬಂದೆ ಅನ್ನಬಹುದು, ಕೊಡಿಯಾಲ ಅನ್ನಬಹುದು, ಬ್ಯಾರಿಯಾದರೆ ಮೈಕಾಲ ಅನ್ನಬಹುದು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಬರೆಯಬೇಕೆಂದಿತು. ಜ್ಯೋತಿ ಟಾಕೀಸಿನಿಂದ ಜ್ಯೋತಿ ಸ್ಟಾಪು, ಪಿವಿಎಸ್ ಕಟ್ಟಡದಿಂದ ಪಿವಿಎಸ್ ಸರ್ಕಲ್. ಕಂಡಕ್ಟರನ ಬಾಯಲ್ಲಿ ನಿಂತದ್ದೇ ಊರು.

ಮುಸ್ತಫ ಹಾಗೆಯೇ ನಿಂತದ್ದು. 133 ಟೋಕನ್! ಬಾಡಿಗೆ, ಕರೆಂಟು, ನನ್ನ ಐಸ್‌ಕ್ಯಾಂಡಿ ಎಲ್ಲ ಅವನದ್ದೇ ದುಡಿಮೆ. ಆಟದ ಹೆಸರು 'ಕ್ಯಾಡಿಲ್ಯಾಕ್ಸ್ ಆಂಡ್ ಡೈನೊಸಾರ್ಸ್', ಕ್ಯಾಪ್ಕಾಂ, 1993. ಮಾರ್ಕ್ ಶುಲ್ಟ್ಜ್ ಅವರ ಕಾಮಿಕ್ಸ್ ಮೇಲೆ ಮಾಡಿದ್ದು. ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು: ಜಾಕ್, ಹ್ಯಾನಾ, ಮುಸ್ತಫ, ಮೆಸ್. ಶುಲ್ಟ್ಜ್ ಆ ಹೆಸರಿಡುವಾಗ ಭಾರತದ ಊರೂರುಗಳಲ್ಲಿ ಇಡೀ ಆಟಕ್ಕೇ ಅದು ಹೆಸರಾಗುತ್ತದೆಂದು ಕನಸೂ ಕಂಡಿರಲಿಕ್ಕಿಲ್ಲ. ಜಾಕ್, ಹ್ಯಾನಾ ನಮ್ಮ ಬೀದಿಯಲ್ಲಿ ಇರಲಿಲ್ಲ. ಬಂದರಿನ ಗಲ್ಲಿಯಲ್ಲಿ ಮುಸ್ತಫ ಎಂದು ಕೂಗಿದರೆ ಮೂರು ಮನೆಯಿಂದ ತಲೆ ಹೊರಗೆ ಬರುತ್ತಿತ್ತು. ಅವನೇ ಎಲ್ಲರಿಗಿಂತ ಚುರುಕು ಬೇರೆ. ದಪ್ಪದ ಮೆಸ್‌ನನ್ನು ಹಾಸ್ಟೆಲ್ ಹುಡುಗರು ಅವರ ಮೆಸ್ಸಿನ ಭಟ್ಟರೆಂದೇ ತಿಳಿದು ಗೌರವದಿಂದ ಆಡಿಸುತ್ತಿದ್ದರು.

ಕಳೆದ ಭಾನುವಾರ ಪುಸ್ತಕ ಹಿಡಿದು ಮಾಮನ ಹತ್ತಿರ ಹೋದೆ. ಅಂಗಡಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಫೋನಿನಲ್ಲಿ ಹಳದಿ ಹಾಕಿ ಕೊಟ್ಟೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಎಳೆದು ಮೇಲಿನ ಹೆಸರು ಓದಿ, "ಪ್ಯಾಕ್? ಸ್ಪೆಲ್ಲಿಂಗ್ ತಪ್ಪುಂಟು" ಎಂದರು. ಆಮೇಲೆ ಕೆಂಪಿನಿಂದ ತಪ್ಪಿಸಲಾಗದೆ ಮೂರು ಸಲ ಸತ್ತು ಫೋನ್ ವಾಪಸು ಕೊಟ್ಟರು. ಟೋಕನ್ ಕೊಡುವ ಕಾಲದಲ್ಲೂ ಅವರಿಗೆ ಆಡಲು ಬರುತ್ತಿರಲಿಲ್ಲ.

ಚಟ್ಟಂಬಡೆ ಎಂಬ ಮಿಷನ್ ಯಾವುದು, ಎಲ್ಲಿಂದ ತಂದದ್ದು, ಪರದೆಯಲ್ಲಿ ಏನಿತ್ತು ಎಂದು ಕೇಳಿದೆ. ಹುಡುಕಿ ಸೋತೆ ಎಂದೆ. ಮಾಮ ಪುಸ್ತಕ ತೆಗೆದುಕೊಂಡು ಹಾಳೆಗಳನ್ನು ತಿರುವಿದರು. ಏಪ್ರಿಲ್ 17ರಂದು 7, 18ರಂದು 5, 20ರಂದು 9.

"ಮಗಾ, ಒಟ್ಟು ಮಾಡಿ ನೋಡಿದ್ದೀಯಾ?"

ಮಾಡಿರಲಿಲ್ಲ. ಅಲ್ಲೇ ಮಾಡಿದೆ. 41, 16, 9, 58, 133, 22. ಸರಿಯಾಗಿ 279. ಏಳು ಅದರಲ್ಲಿ ಸೇರಿಲ್ಲ.

"ಅದು ಗೇಮ್ ಅಲ್ಲ" ಎಂದರು ಮಾಮ. "ಎದುರಿನ ಹೋಟ್ಲಲ್ಲಿ ಚಾಕ್ಕೆ ಹೋದಾಗ ತಿಂದದ್ದು. ಬಾಕಿ ಬರೆದಿಟ್ಟದ್ದು ನಾನು."

"ಏಳು ಚಟ್ಟಂಬಡೆ? ಒಂದೇ ದಿನ?"

"ಅತ್ತೆಗೆ ಹೇಳ್ಬೇಡ" ಎಂದು ಅಡುಗೆಮನೆಯ ಕಡೆ ನೋಡಿದರು.